ಇಳಿತದ ಕಡಲು ತೆರೆದಿಟ್ಟ ಮರಳಬಯಲನ್ನು ನಂಬಿ ನಡೆಯಬೇಡಿ

ಕಡಲತೀರದ ಹಳ್ಳಿಗಾಡಿಗೆ, ಅಲ್ಲಿನ ಮೀನಿನ ಕೆರೆಗಳನ್ನೂ ಪುಟ್ಟ ಬಂದರಿನ ಊರುಗಳನ್ನೂ ನೋಡಿಬರಲು ಹೊರಡುವವರು ಇದನ್ನು ಓದಿಕೊಂಡೇ ಹೊರಡಲಿ ಎಂದು ಬರೆಯುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ನಾನು, ಅಕ್ಕ, ಭಾವ ಮತ್ತು ಅವರ ಹತ್ತು ವರ್ಷದ ಮಗ ಅಂಥದೊಂದು ಪ್ರವಾಸದಲ್ಲಿ ಉಬ್ಬರದ ನೀರಿನ ನಡುವೆ ಸಿಕ್ಕಿಬಿದ್ದೆವು. ನಾಲ್ವರೂ ಜೀವಸಹಿತ ಮರಳಿದ್ದು ಧಕ್ಕೆಯ ಮೇಲೆ ಬಲೆ ಒಣಹಾಕುತ್ತಿದ್ದ ಮೀನುಗಾರರೊಬ್ಬರ ಕಣ್ಣಿಗೆ ನಾವು ಬಿದ್ದದ್ದರಿಂದ ಮಾತ್ರ.

ಆ ಜಾಗ ನನಗೆ ಹೊಸದಾಗಿರಲಿಲ್ಲ, ತಪ್ಪು ಶುರುವಾದದ್ದೂ ಅಲ್ಲಿಂದಲೇ. ಎರಡು ವರ್ಷಗಳ ಹಿಂದೆ ಅದೇ ಬಂದರಿನ ಮುಂದೆ ಇಳಿತದ ಹೊತ್ತಿನಲ್ಲಿ ತೆರೆದುಕೊಂಡ ಮರಳಿನ ಮೇಲೆ ಅರ್ಧ ಗಂಟೆ ಅಡ್ಡಾಡಿ, ನೀರು ನಿಧಾನವಾಗಿ ಪಾದಕ್ಕೆ ತಾಗಿದಾಗ ನಗುನಗುತ್ತಾ ದಡಕ್ಕೆ ಬಂದಿದ್ದೆ. ಅಂದು ಆಕಾಶದಲ್ಲಿ ಅರ್ಧಚಂದ್ರನಿದ್ದ ದಿನಗಳೆಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಈ ಸಲ ಹೋದದ್ದು ಹುಣ್ಣಿಮೆಯ ಮರುದಿನ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಹೊತ್ತಿಗೆ ಸೂರ್ಯ, ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡಿಕೊಳ್ಳುವುದರಿಂದ ಉಬ್ಬರವೂ ಇಳಿತವೂ ಎರಡೂ ದೊಡ್ಡವಾಗುತ್ತವೆ. ಬಹಳಷ್ಟು ತೀರಗಳಲ್ಲಿ ಅತಿ ದೊಡ್ಡ ಉಬ್ಬರ ಬರುವುದು ಆ ತಿಥಿಯಂದಲ್ಲ, ಒಂದೆರಡು ದಿನ ಕಳೆದ ಮೇಲೆ. ಅಷ್ಟಮಿಯ ಆಸುಪಾಸಿನಲ್ಲಿ ಅವೆರಡೂ ಚಿಕ್ಕವು. ಆದ್ದರಿಂದ ಕಡಲು ಎಂದಿಗಿಂತ ಹೆಚ್ಚು ದೂರ ಹಿಂದೆ ಸರಿದು, ನಡೆಯಲು ಅತಿ ವಿಶಾಲವಾದ ಬಯಲನ್ನು ಬಿಟ್ಟುಕೊಡುವ ದಿನವೇ ಅದು ಎಂದಿಗಿಂತ ಹೆಚ್ಚು ನೀರನ್ನು ಹೊತ್ತು ಹಿಂದಿರುಗುವ ದಿನವೂ ಆಗಿರುತ್ತದೆ. ನಮ್ಮನ್ನು ಒಳಕ್ಕೆ ಕರೆದದ್ದೂ ಆ ವಿಸ್ತಾರವೇ.

ನಾವು ಉಳಿದುಕೊಂಡಿದ್ದ ಮನೆಯವರನ್ನು ಕೇಳಿದ್ದೆವು. ‘ಎಲ್ಲರೂ ಆ ದಿಬ್ಬದವರೆಗೆ ಹೋಗಿಬರುತ್ತಾರೆ, ಸಂಜೆಯವರೆಗೆ ಏನೂ ಭಯವಿಲ್ಲ’ ಎಂದು ಅವರು ಹೇಳಿದರು. ಅವರು ಸುಳ್ಳು ಹೇಳಿದರೆಂದು ನಾನು ಈಗಲೂ ಭಾವಿಸುವುದಿಲ್ಲ. ಆದರೆ ಅವರು ನೀರಿನ ಮೇಲೆ ದುಡಿಯುವವರಲ್ಲ, ಆ ದಿನದ ಉಬ್ಬರದ ಪಟ್ಟಿಯನ್ನು ನೋಡಿದವರೂ ಅಲ್ಲ. ಅತಿಥಿಗಳಿಗೆ ಇಷ್ಟು ಖಚಿತವಾದ ಮಾತು ಕೊಡುವವರು ಆ ಪಟ್ಟಿಯನ್ನು ಒಮ್ಮೆ ನೋಡಬೇಕಿತ್ತು ಎಂಬ ನೋವು ಮಾತ್ರ ನನ್ನಲ್ಲಿ ಉಳಿದಿದೆ.

ಮಧ್ಯಾಹ್ನ ಹನ್ನೆರಡೂವರೆಗೆ ಬಂದರಿನ ಇಳಿಜಾರಿನಿಂದ ಕೆಳಗಿಳಿದೆವು. ಸುಮಾರು ಒಂದೂವರೆ ಕಿಲೋಮೀಟರ್ ದೂರದಲ್ಲಿ ಬೆನ್ನು ಎತ್ತಿದಂತೆ ಒಂದು ಮರಳದಿಬ್ಬವಿತ್ತು. ನಡುವೆ ಒಂದು ಕಡೆ ಮೊಣಕಾಲಿಗಿಂತ ತುಸು ತಗ್ಗಾದ, ಬಹುಮಟ್ಟಿಗೆ ಒಣಗಿದ್ದ ತೋಡೊಂದು ಅಡ್ಡ ಬಂತು. ಅದನ್ನು ಹಾರಿ ದಾಟಿದೆವು, ಹಿಂದಿರುಗಿ ಇನ್ನೊಮ್ಮೆ ನೋಡಲಿಲ್ಲ. ಇಳಿತದ ತುದಿ ಒಂದು ಗಂಟೆ ದಾಟಿ ಹತ್ತು ನಿಮಿಷಕ್ಕೆ. ಎರಡು ಗಂಟೆಗೆ ದಿಬ್ಬದ ಅಂಚಿನಲ್ಲಿ ನಿಂತು ನೋಡಿದರೂ ನೀರು ಇದ್ದಲ್ಲೇ ಇದ್ದಂತಿತ್ತು.

ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಬೇಕಾದದ್ದು ಈ ಭಾಗವನ್ನೇ. ಉಬ್ಬರದ ನೀರು ಗಂಟೆಗೆ ಇಷ್ಟೆಂದು ಒಂದೇ ಸಮನೆ ಏರುವುದಿಲ್ಲ. ದಿನಕ್ಕೆ ಎರಡು ಉಬ್ಬರ ಬರುವ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಇಳಿತದ ತುದಿಯಿಂದ ಉಬ್ಬರದ ತುದಿಗೆ ಆರು ಗಂಟೆಗಿಂತ ತುಸು ಹೆಚ್ಚು. ನಾವಿಕರು ಈ ಏರಿಕೆಯನ್ನು ಹನ್ನೆರಡು ಪಾಲು ಮಾಡಿಕೊಳ್ಳುತ್ತಾರೆ. ಮೊದಲ ಗಂಟೆಯಲ್ಲಿ ಒಂದು ಪಾಲು ಏರಿದರೆ ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು, ಆಮೇಲೆ ಮತ್ತೆ ಎರಡು ಮತ್ತು ಒಂದು. ಇದು ಸ್ಥೂಲವಾದ ಲೆಕ್ಕವೇ ಆದರೂ, ಮೊದಲ ಗಂಟೆಯಲ್ಲಿ ನಿಂತಂತೆ ಕಾಣುವ ನೀರು ಮೂರನೆಯ ಗಂಟೆಯಲ್ಲಿ ಅದರ ಮೂರು ಪಟ್ಟು ಏರುತ್ತದೆ ಎಂಬುದನ್ನು ಅರಿಯಲು ಇಷ್ಟು ಸಾಕು. ಸಮತಟ್ಟಾದ ಮರಳಿನ ಮೇಲೆ ಒಂದು ಅಡಿ ಏರಿಕೆಯೆಂದರೆ ನೂರಾರು ಅಡಿ ಹರವು.

ಇನ್ನೊಂದು ಮಾತು. ನೀರು ಎದುರಿನಿಂದಲೇ ಬರುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಅದು ತಗ್ಗನ್ನು ಹುಡುಕಿಕೊಂಡು ಬರುತ್ತದೆ. ನಾವು ಕಡಲಿನ ಕಡೆಗೆ ಮುಖ ಮಾಡಿ ನಿಂತಿದ್ದಾಗ ಬೆನ್ನ ಹಿಂದಿನ ಆ ತೋಡು ಸದ್ದಿಲ್ಲದೆ ತುಂಬುತ್ತಿತ್ತು. ಮೂರು ಗಂಟೆಗೆ ಹೊರಟು ಅಲ್ಲಿಗೆ ತಲುಪಿದಾಗ ನೀರು ಭಾವನ ಸೊಂಟಕ್ಕೆ ಬಂತು, ಸೆಳೆತವಂತೂ ನಿಲ್ಲಗೊಡಲಿಲ್ಲ. ಆಳ ಕಡಿಮೆಯಿರಬಹುದೆಂದು ತೋಡಿನ ಗುಂಟ ಪಕ್ಕಕ್ಕೆ ಓಡಿದ್ದು ನಮ್ಮ ಎರಡನೆಯ ತಪ್ಪು, ಏಕೆಂದರೆ ಅಲ್ಲಿ ಮರಳು ಮುಗಿದು ಕೆಸರು ಶುರುವಾಗಿತ್ತು. ಬೂದು ಬಣ್ಣದ, ತೇಯ್ದ ಗಂಧದಷ್ಟು ನುಣುಪಾದ ಕೆಸರು ಅದು. ಹುಡುಗನ ಎರಡೂ ಕಾಲು ಮೊಣಕಾಲಿನವರೆಗೆ ಹೂತುಹೋದವು. ಭಾವ ಅವನ ಕಂಕುಳಿಗೆ ಕೈ ಹಾಕಿ ಮೇಲಕ್ಕೆಳೆದಷ್ಟೂ ತಾವೇ ಕೆಳಗಿಳಿದರು. ಎಳೆದಾಗಲೆಲ್ಲ ಕಾಲ ಬುಡದಲ್ಲಿ ಏಳುತ್ತಿದ್ದ ಆ ಹೀರುವ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಅಕ್ಕ ತನ್ನ ಕೆಂಪು ದುಪಟ್ಟಾವನ್ನು ಎರಡೂ ಕೈಗಳಿಂದ ಎತ್ತಿ ಬೀಸುತ್ತಿದ್ದಳು. ಧಕ್ಕೆಯ ಮೇಲಿದ್ದವರು ಅದನ್ನು ಕಂಡು, ತಳ ಚಪ್ಪಟೆಯಾದ ಚಿಕ್ಕ ದೋಣಿಯಲ್ಲಿ ತೋಡಿನ ಮೂಲಕವೇ ಬಂದರು. ಅವರು ದೋಣಿಯಿಂದ ಇಳಿಯಲಿಲ್ಲ. ‘ಎಳೆಯಬೇಡಿ, ಹುಡುಗ ಹಿಂದಕ್ಕೆ ಒರಗಿ ಕೂರಲಿ’ ಎಂದು ಕೂಗಿ, ಒಂದು ಹಲಗೆಯನ್ನು ಕೆಸರಿನ ಮೇಲೆ ಜಾರಿಸಿದರು. ಅವನು ಅದರ ಮೇಲೆ ಭಾರ ಹಾಕಿ ಒರಗಿ, ಕಾಲನ್ನು ಮೆಲ್ಲಗೆ ಅಲುಗಾಡಿಸುತ್ತಾ ಹೋದಂತೆ ನೀರು ಕಾಲಿನ ಸುತ್ತ ಇಳಿದು ಹಿಡಿತ ಸಡಿಲವಾಯಿತು. ಬೂಟುಗಳು ಅಲ್ಲೇ ಉಳಿದವು. ನಾವು ಧಕ್ಕೆ ಹತ್ತಿ ತಿರುಗಿ ನೋಡುವಾಗ ಕೆಸರಿದ್ದ ಜಾಗ ಎಲ್ಲಿತ್ತೆಂದು ಗುರುತಿಸಲಾಗಲಿಲ್ಲ.

ಇಂಥದ್ದು ಎಲ್ಲೋ ಒಮ್ಮೆ ಆಗುವ ಅಪರೂಪವೆಂದು ತಳ್ಳಿಹಾಕಬೇಡಿ. 2004ರ ಫೆಬ್ರವರಿ 5ರ ರಾತ್ರಿ ಇಂಗ್ಲೆಂಡಿನ ಮೋರ್‌ಕಾಂಬ್ ಕೊಲ್ಲಿಯ ಮರಳಬಯಲಿನಲ್ಲಿ ಚಿಪ್ಪು ಆಯಲು ಹೋಗಿದ್ದ ಚೀನೀ ಕಾರ್ಮಿಕರಲ್ಲಿ ಕನಿಷ್ಠ 21 ಮಂದಿ ಉಬ್ಬರಕ್ಕೆ ಸಿಕ್ಕಿ ಸತ್ತರು. ಫ್ರಾನ್ಸಿನ ನ್ವಾರ್‌ಮೂಟಿಯೇ ದ್ವೀಪಕ್ಕೆ ಹೋಗುವ, ನಾಲ್ಕು ಕಿಲೋಮೀಟರಿಗೂ ಉದ್ದವಾದ ಗ್ವಾ ರಸ್ತೆ ಉಬ್ಬರದಲ್ಲಿ ಪೂರ್ತಿ ಮುಳುಗುತ್ತದೆ; ಸಿಕ್ಕಿಬಿದ್ದವರು ಹತ್ತಿ ಕುಳಿತುಕೊಳ್ಳಲೆಂದೇ ಅದರ ಬದಿಯಲ್ಲಿ ಎತ್ತರದ ಕಂಬಗಳನ್ನು ನೆಟ್ಟಿದ್ದಾರೆ. ಒಂದು ತೀರದ ಅನುಭವ ಇನ್ನೊಂದಕ್ಕೆ ಹೊಂದುವುದೂ ಇಲ್ಲ. ಮೆಡಿಟರೇನಿಯನ್ ತೀರದ ಬಹುಭಾಗದಲ್ಲಿ ಉಬ್ಬರ ಇಳಿತಗಳು ಕಣ್ಣಿಗೆ ಬೀಳುವುದೇ ಕಷ್ಟ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಅವುಗಳ ಅಂತರ 16 ಮೀಟರ್ ಮುಟ್ಟುತ್ತದೆ.

ಉಬ್ಬರದ ಪಟ್ಟಿ ನೋಡಿಕೊಂಡೆವು, ಇನ್ನು ಭಯವಿಲ್ಲ ಎನ್ನುವವರಿಗೂ ಒಂದು ಮಾತು ಹೇಳಬೇಕು. ಪಟ್ಟಿ ಯಾವ ಬಂದರಿನದೆಂದು ನೋಡಿ: ಪಕ್ಕದ ದೊಡ್ಡ ಬಂದರಿಗೂ ನೀವಿರುವ ಅಳಿವೆಗೂ ಸಮಯದಲ್ಲಿ ಬಹಳ ವ್ಯತ್ಯಾಸವಿರಬಹುದು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಕೆಲವು ಪಟ್ಟಿಗಳು ಆ ಬದಲಾವಣೆಯನ್ನು ಸೇರಿಸಿಕೊಂಡಿರುವುದಿಲ್ಲ. ಅದೂ ಅಲ್ಲದೆ ಪಟ್ಟಿ ಹೇಳುವುದು ಸಾಮಾನ್ಯ ಹವೆಯ ಲೆಕ್ಕವನ್ನು. ವಾಯುಭಾರ ಕುಸಿದು, ಗಾಳಿ ಕಡಲಿನಿಂದ ದಡದ ಕಡೆಗೆ ಬೀಸುತ್ತಿದ್ದರೆ ನೀರು ಪಟ್ಟಿಯ ಎತ್ತರವನ್ನು ಮೀರುತ್ತದೆ. ಆದ್ದರಿಂದ ಪಟ್ಟಿಯನ್ನು ನೋಡಿದ ಮೇಲೂ, ಅದೇ ದಿನ, ಅದೇ ಧಕ್ಕೆಯಲ್ಲಿ, ದೋಣಿ ಇಳಿಸುವವರನ್ನೇ ಕೇಳಿ.

ಕೆರೆಗಳ ಬಗ್ಗೆಯೂ ಸ್ವಲ್ಪ ಹೇಳಬೇಕು, ಏಕೆಂದರೆ ಅದೇ ಪ್ರವಾಸದ ಮೊದಲ ದಿನ ಭಾವ ಕೆರೆಯ ಏರಿಯ ಮೇಲೆ ಉದ್ದನೆಯ ಗಾಳದ ಕೋಲನ್ನು ಎತ್ತಿ ಹಿಡಿದು ವಿದ್ಯುತ್ ತಂತಿಯ ಕೆಳಗೆ ನಡೆಯುತ್ತಿದ್ದರು. ಆಚೆ ದಡದವರೊಬ್ಬರು ಕಿರುಚಿ ನಿಲ್ಲಿಸಿದರು. ಈಗಿನ ಕೋಲುಗಳಲ್ಲಿ ಹೆಚ್ಚಿನವು ಕಾರ್ಬನ್ ಎಳೆಯವು. ಅವುಗಳಲ್ಲಿ ವಿದ್ಯುತ್ ಹರಿಯುತ್ತದೆ, ಕೋಲು ತಂತಿಗೆ ತಾಗಬೇಕೆಂದೇ ಇಲ್ಲ, ಹತ್ತಿರ ಹೋದರೂ ಕಿಡಿ ಹಾರಬಹುದು. ಬಿಸಿಲಿನ ದಿನಗಳಲ್ಲಿ ನಿಂತ ನೀರಿನ ಅಂಚಿಗೆ ಹಸಿರು ಬಣ್ಣ ಚೆಲ್ಲಿದಂಥ ಕೆನೆ ಕಟ್ಟಿದ್ದರೆ ಮಕ್ಕಳನ್ನೂ ನಾಯಿಯನ್ನೂ ನೀರಿಗೆ ಬಿಡಬೇಡಿ, ಅದರಲ್ಲಿ ವಿಷವಿರಬಹುದು. ಕಾಲಿಗೆ ಗಾಯವಿದ್ದು ಕೆರೆಯ ನೀರಿಗಿಳಿದವರಿಗೆ ಒಂದೆರಡು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ, ವೈದ್ಯರಿಗೆ ಕೆರೆಯ ವಿಷಯವನ್ನು ತಪ್ಪದೆ ಹೇಳಿ. ಇಲಿಜ್ವರ ಹೀಗೆಯೇ ಬರುತ್ತದೆ.

ಮತ್ತೆ ಬಂದರಿಗೆ. ಯಾರಾದರೂ ಕೆಸರಿನಲ್ಲಿ ಹೂತರೆ ನೀವು ಇಳಿಯಬೇಡಿ, ಮೊದಲು ತುರ್ತು ಸಂಖ್ಯೆಗೆ ಕರೆ ಮಾಡಿ ಕರಾವಳಿ ರಕ್ಷಣೆಯವರನ್ನು ಕೇಳಿ, ಆಮೇಲೆ ಹಲಗೆಯನ್ನೋ ಹಗ್ಗವನ್ನೋ ಎಸೆಯಿರಿ. ಮರಳಿಗೆ ಇಳಿಯುವ ಮುನ್ನ ಧಕ್ಕೆಯ ಗೋಡೆಯನ್ನು ಒಮ್ಮೆ ನೋಡಿ. ಕೆಳಭಾಗ ಕಪ್ಪಾಗಿ, ಪಾಚಿಯೂ ಕಚ್ಚಿಕೊಂಡ ಚಿಪ್ಪುಗಳೂ ತುಂಬಿರುತ್ತದೆ. ಅದು ಮುಗಿದು ಒಣಕಲ್ಲು ಶುರುವಾಗುವ ಗೆರೆಯವರೆಗೆ ನೀರು ಮತ್ತೆ ಮತ್ತೆ ಬಂದುಹೋಗುತ್ತದೆ. ಇಳಿಯುವ ಮೊದಲು ಆ ಗೋಡೆಗೆ ಒರಗಿ ನಿಂತ ಹುಡುಗನ ಚಿತ್ರವೊಂದನ್ನು ನಾನೇ ತೆಗೆದಿದ್ದೆ. ಅದರಲ್ಲಿ ಆ ಗೆರೆ ಅವನ ತಲೆಯ ಮೇಲೆ ಎರಡಾಳು ಎತ್ತರದಲ್ಲಿದೆ.