ಸಿಲ್ಕ್, ಅಲ್ಯೂಮಿನಿಯಂ, ಎಎಂಟಿ, ಹಾರ್ನ್: ಮನೆಯ ಹಾಲಿಗೆ ಯಾವ ಟ್ವೀಟರ್?

ಸ್ಪೀಕರಿನಲ್ಲಿ ತಾರ ಸದ್ದು ಹೊರಡಿಸುವ ಪುಟ್ಟ ಭಾಗ ಟ್ವೀಟರ್, ಅದರ ಗುಮ್ಮಟದಂಥ ಮುಖ ಡೋಮ್. ಸಿಲ್ಕ್ ಡೋಮ್ ಅಂದರೆ ಮೆತ್ತಗೆ, ಲೋಹದ ಡೋಮ್ ಅಂದರೆ ಕಿವಿಗೆ ಚುಚ್ಚುತ್ತದೆ: ಸ್ಪೀಕರ್ ಅಂಗಡಿಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿರುತ್ತದೆ. ಅದರಲ್ಲಿ ಅರ್ಧ ಮಾತ್ರ ನಿಜ. 25 ಮಿ.ಮೀ. ಅಲ್ಯೂಮಿನಿಯಂ ಡೋಮ್ ಹದ ತಪ್ಪಿ ಕಂಪಿಸತೊಡಗುವುದು ಸಾಮಾನ್ಯವಾಗಿ 25 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ನಲವತ್ತು ದಾಟಿದ ಬಹಳ ಜನರಿಗೆ 15 ಕಿಲೋಹರ್ಟ್ಸ್ ಕೇಳುವುದೇ ಕಷ್ಟ. ಚುಚ್ಚುವುದು ಹೆಚ್ಚಿನ ಸಲ ಇನ್ನೂ ಕೆಳಗೆ, 2ರಿಂದ 5 ಕಿಲೋಹರ್ಟ್ಸ್ ನಡುವೆ, ತಗ್ಗಿನ ಸದ್ದು ಕೊಡುವ ದೊಡ್ಡ ಭಾಗವಾದ ವೂಫರ್ ಕೈಬಿಟ್ಟು ಟ್ವೀಟರ್ ಕೆಲಸ ವಹಿಸಿಕೊಳ್ಳುವ ಜಾಗದಲ್ಲಿ.

ಆರೂವರೆ ಇಂಚಿನ ವೂಫರ್ 2.5 ಕಿಲೋಹರ್ಟ್ಸ್ ಹತ್ತಿರ ಬರುವಷ್ಟರಲ್ಲಿ ಸದ್ದನ್ನು ಬಹುಪಾಲು ನೇರ ಎದುರಿಗೇ ಎಸೆಯುತ್ತಿರುತ್ತದೆ. ಅದೇ ಜಾಗದಲ್ಲಿ ಶುರುವಾಗುವ ಪುಟ್ಟ ಡೋಮ್ ಎಲ್ಲ ಕಡೆಗೂ ಹರಡುತ್ತದೆ. ಆ ಹೆಚ್ಚುವರಿ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ವಿಟ್ರಿಫೈಡ್ ಟೈಲ್ಸ್, ಬೋಳು ಗೋಡೆ, ದೊಡ್ಡ ಗಾಜಿನ ಕಿಟಕಿ ಇರುವ ನಮ್ಮ ಹಾಲ್‌ಗಳಲ್ಲಿ ಇದನ್ನು ಹೀರುವಂಥದ್ದು ಸೋಫಾ ಬಿಟ್ಟರೆ ಏನೂ ಇಲ್ಲ. ಡೋಮ್ ಸುತ್ತ ತಟ್ಟೆಯಂತೆ ಒಳಗಿಳಿದ ವೇವ್‌ಗೈಡ್ ಇದ್ದರೆ ಹರಡುವಿಕೆ ವೂಫರ್‌ಗೆ ಹೊಂದುವಷ್ಟು ಕಿರಿದಾಗುತ್ತದೆ. ಡೋಮ್ ಯಾವುದರದ್ದು ಎಂದು ಕೇಳುವ ಮೊದಲು ಇದನ್ನು ನೋಡಿ.

ಇಲಾಕ್ ಕಂಪನಿಯ ಡೆಬ್ಯೂ 2.0 ಬಿ6.2 ಸ್ಪೀಕರಿನಲ್ಲಿ ಒಂದಿಂಚಿನ ಬಟ್ಟೆಯ ಡೋಮ್ ಜತೆಗೆ ವೇವ್‌ಗೈಡ್ ಇದೆ, ವೂಫರಿಗೂ ಟ್ವೀಟರಿಗೂ ಸದ್ದು ಹಂಚುವ ಸರ್ಕ್ಯೂಟ್ ಆದ ಕ್ರಾಸ್‌ಓವರ್ 2.2 ಕಿಲೋಹರ್ಟ್ಸ್‌ನಲ್ಲಿ. ಸೋಫಾದ ಅಂಚಿನಲ್ಲಿ ಕುಳಿತವರಿಗೂ ಹಾಡುಗಾರರ ಧ್ವನಿ ಬಣ್ಣಗೆಡುವುದಿಲ್ಲ. ತಂಬೂರಿಯ ಮೇಲಿನ ಝೇಂಕಾರ ಸ್ವಲ್ಪ ಮಸುಕು, ಅಷ್ಟೇ. ಕೆಇಎಫ್ ಎಲ್ಎಸ್50 ಮೆಟಾ ಲೋಹದ ಡೋಮಿನದು, ಆದರೂ ಚುಚ್ಚುವುದಿಲ್ಲ. ಅಲ್ಯೂಮಿನಿಯಂ ಡೋಮ್ ವೂಫರಿನ ನಟ್ಟನಡುವೆ ಕೂತಿರುವುದರಿಂದ ವೂಫರಿನ ಶಂಕುವಿನಾಕಾರದ ಕೋನ್ ತಾನೇ ವೇವ್‌ಗೈಡ್ ಆಗುತ್ತದೆ. ಲೋಹದ ಬಗ್ಗೆ ಅನುಮಾನ ಇರುವವರು ಇದನ್ನೊಮ್ಮೆ ಕೇಳಲಿ. ಆದರೆ ಇದರ ಸೆನ್ಸಿಟಿವಿಟಿ (ಕೊಟ್ಟ ವಿದ್ಯುತ್ತಿಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬ ಲೆಕ್ಕ) 85 ಡಿಬಿ, ಅಂದರೆ ಡೆಸಿಬೆಲ್; ಸಣ್ಣ ಆಂಪ್‌ಗೆ (ಆಂಪ್ಲಿಫೈಯರಿಗೆ) ಭಾರ.

ಕ್ಲಿಪ್ಶ್ ಆರ್‌ಪಿ-600ಎಂನ ಟೈಟಾನಿಯಂ ಟ್ವೀಟರ್ ತುತ್ತೂರಿಯ ಬಾಯಿಯಂಥ ಹಾರ್ನ್ ಒಳಗಿದೆ. ಸೆನ್ಸಿಟಿವಿಟಿಗೆ ಕಂಪನಿ ಕೊಡುವ ಲೆಕ್ಕ 96 ಡಿಬಿ. ಕೋಣೆಯ ನೆರವನ್ನೂ ಸೇರಿಸಿ ಹೇಳುವ ಅಂಕಿ ಅದು, ಅಷ್ಟನ್ನೂ ನಂಬಬೇಕಿಲ್ಲ. ಆದರೂ ಹತ್ತು ಹದಿನೈದು ವ್ಯಾಟ್‌ನ ಆಂಪ್ ಸಾಕಾಗುತ್ತದೆ, ಮೃದಂಗದ ಚಾಪು ಎದ್ದು ಬರುತ್ತದೆ. ಬೋಳು ಕೋಣೆಯಲ್ಲಿ ಗಂಟೆಗಟ್ಟಲೆ ಕೇಳುವವರಿಗೆ ಇದು ದಣಿವು ತರಬಹುದು.

ಎಎಂಟಿಯ (ಏರ್ ಮೋಷನ್ ಟ್ರಾನ್ಸ್‌ಫಾರ್ಮರ್) ಕಥೆ ಬೇರೆ. ಆಸ್ಕರ್ ಹೈಲ್ ರೂಪಿಸಿದ, 1970ರ ದಶಕದಲ್ಲಿ ಇಎಸ್ಎಸ್ ಕಂಪನಿ ಮಾರುಕಟ್ಟೆಗೆ ತಂದ ವಿನ್ಯಾಸ ಅದು. ನೆರಿಗೆ ಹಾಕಿದ ತೆಳು ಹಾಳೆ ಗಾಳಿಯನ್ನು ಹಿಂಡಿ ಹೊರದೂಡುತ್ತದೆ. ಇಲಾಕ್‌ನ ಜೆಟ್, ಆಡಂನ ಯು-ಆರ್ಟ್ ಇದೇ ಜಾತಿ. ದೇವರನಾಮದ ತಾಳ ಬಡಿದ ಮೇಲೆ ಉಳಿಯುವ ನಾದದ ಬಾಲ ಇದರಲ್ಲಿ ಕೇಳಿಸುವಷ್ಟು ಬಿಡಿಬಿಡಿಯಾಗಿ ಇದೇ ಬೆಲೆಯ ಡೋಮ್‌ಗಳಲ್ಲಿ ಸಿಗುವುದಿಲ್ಲ. ತೊಂದರೆ ಎತ್ತರದ್ದು: ಹಾಳೆ ಉದ್ದುದ್ದ ಇರುವುದರಿಂದ ಸದ್ದು ಮೇಲೆ ಕೆಳಗೆ ಹರಡುವುದು ಕಡಿಮೆ. ಎದ್ದು ನಿಂತರೆ ತಾರ ಸದ್ದು ಕುಗ್ಗುತ್ತದೆ. ತಗ್ಗಾದ ಟಿವಿ ಯೂನಿಟ್ ಮೇಲೆ ಇಡುವವರು ಇದನ್ನು ಕೊಳ್ಳುವುದು ದಂಡ. ಟ್ವೀಟರ್ ನಿಮ್ಮ ಕಿವಿಯ ಮಟ್ಟಕ್ಕೆ, ಅಂದರೆ ನೆಲದಿಂದ 90–100 ಸೆಂ.ಮೀ. ಎತ್ತರಕ್ಕೆ ಬರಲೇಬೇಕು.

ಅಂಗಡಿಯಲ್ಲಿ ಹೋಲಿಸುವಾಗ ಪಿಂಕ್ ನಾಯ್ಸ್ (ಸ್ಪೀಕರ್ ಪರೀಕ್ಷೆಗೆ ಬಳಸುವ ಜುಯ್ ಎನ್ನುವ ಸದ್ದು) ಹಾಕಿ, ಮೊಬೈಲನ್ನು ಒಂದೇ ಜಾಗದಲ್ಲಿಟ್ಟು, ಸೌಂಡ್ ಮೀಟರ್ ಆ್ಯಪ್‌ನಲ್ಲಿ ಎರಡೂ ಜೋಡಿಯ ಸದ್ದನ್ನು ಅರ್ಧ ಡಿಬಿ ಒಳಗೆ ಸರಿದೂಗಿಸಿ. ಒಂದು ಡಿಬಿ ಜಾಸ್ತಿ ಇದ್ದದ್ದೇ ಕಿವಿಗೆ ಚೆನ್ನ ಅನಿಸಿಬಿಡುತ್ತದೆ. ಆಮೇಲೆ ನಿಮಗೆ ಬಾಯಿಪಾಠ ಇರುವ ಹಾಡನ್ನು ಒಂದೇ ಸ್ಪೀಕರಿನಲ್ಲಿ ಕೇಳಿ, ಎರಡಡಿ ಪಕ್ಕಕ್ಕೆ ಸರಿದು ಮತ್ತೆ ಕೇಳಿ. ಸ, ಶ, ಚ ಬಂದ ಕಡೆಯೆಲ್ಲ ಉಗುಳಿದಂತೆ ಕೇಳಿಸಿದರೆ ಆ ಜೋಡಿ ಬೇಡ. ಮನೆಗೆ ತಂದ ಮೇಲೆ ಹಾಗೆನಿಸಿದರೆ ಮೊದಲು ಸ್ಪೀಕರನ್ನು ನಿಮ್ಮ ಕಡೆ ತಿರುಗಿಸಿರುವುದನ್ನು ಕಡಿಮೆ ಮಾಡಿ, ಪಕ್ಕದ ಗೋಡೆಗೆ ದಪ್ಪ ಪರದೆ ಹಾಕಿ. ವಾರಂಟಿ ಮುಗಿದಿದ್ದರೆ 8 ಓಮ್ ಟ್ವೀಟರಿಗೆ ಸರಣಿಯಲ್ಲಿ 1 ಓಮ್, 10 ವ್ಯಾಟ್ ರೆಸಿಸ್ಟರ್ ಸೇರಿಸಿದರೆ ಸುಮಾರು 1 ಡಿಬಿ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ಕ್ರಾಸ್‌ಓವರಿನ ಲೆಕ್ಕವೇ ತಪ್ಪುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗ್ರಿಲ್ ತೆಗೆಸಿ ನೋಡಬೇಕು. ಮಕ್ಕಳ ಬೆರಳು ತಾಗಿ ಒಳಹೋದ ಸಿಲ್ಕ್ ಡೋಮನ್ನು ಟೇಪ್ ಅಂಟಿಸಿ ಮೆಲ್ಲಗೆ ಎಳೆದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಲೋಹದ್ದು ನಗ್ಗಿದರೆ ನಗ್ಗಿದ ಹಾಗೇ. ಬೆರಿಲಿಯಂ ಡೋಮ್ ಒಡೆದಿದ್ದರೆ ಮುಟ್ಟಲೇಬೇಡಿ, ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಮಲ್ಟಿಮೀಟರಿನಲ್ಲಿ ಟ್ವೀಟರಿನ ವೈರ್ ಬಿಚ್ಚಿ ಅಳೆದರೆ 8 ಓಮ್‌ನದು 5.5ರಿಂದ 6.5ರಷ್ಟು ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ. ಸಣ್ಣ ಆಂಪನ್ನು ಪೂರ್ತಿ ತಿರುಗಿಸಿ ಕ್ಲಿಪ್ ಮಾಡಿಸಿದ, ಅಂದರೆ ಶಕ್ತಿ ಮೀರಿ ಸದ್ದು ಒಡೆಯುವಂತೆ ಮಾಡಿದ ಮನೆಗಳಲ್ಲಿ ಇದು ಮಾಮೂಲು. ರೀಡಿಂಗ್ ಸರಿಯಿದ್ದೂ ಒಂದು ಬದಿ ಮಂಕಾಗಿದ್ದರೆ ಕ್ರಾಸ್‌ಓವರಿನ ಕೆಪಾಸಿಟರನ್ನು ಅಳೆಸಿ. ಅದೂ ಸರಿಯಿದ್ದರೆ ಕಾಯಿಲಿನ ಸುತ್ತ ತುಂಬಿರುವ ಕಾಂತೀಯ ದ್ರವ ಫೆರೋಫ್ಲೂಯಿಡ್ ಒಣಗಿ ಗಟ್ಟಿಯಾಗಿರಬಹುದು, ಹಳೇ ಸಿಲ್ಕ್ ಡೋಮ್‌ಗಳಲ್ಲಿ ಇದು ಸಾಮಾನ್ಯ. ಅಂಥಲ್ಲಿ ಒಂದನ್ನಷ್ಟೇ ಬದಲಿಸಿದರೆ ಎಡ ಬಲ ಹೊಂದುವುದಿಲ್ಲ, ಎರಡನ್ನೂ ಒಟ್ಟಿಗೆ ಬದಲಿಸುವ ಖರ್ಚನ್ನು ಚೌಕಾಸಿಯಲ್ಲೇ ಮುರಿದುಕೊಳ್ಳಿ.