ಮಹಿಳಾ ಕೂಟಕ್ಕೊಂದು ಜಾಗ: ಮಡಿಕೇರಿಯ ಕಾಫಿ ಅಂಗಡಿಯ ಮಹಡಿ ಕೋಣೆ

ಮಡಿಕೇರಿ ಪೇಟೆಯ ಈ ಕಾಫಿ ಅಂಗಡಿಯವರು ಮಹಡಿಯ ಕೋಣೆಯನ್ನು ಸಭೆಗಳಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಹುತ್ತರಿಯ ಹೊತ್ತಿಗೆ ದುಬೈ, ಲಂಡನ್, ನ್ಯೂಜೆರ್ಸಿಗಳಿಂದ ಊರಿಗೆ ಬರುವ ಹೆಣ್ಣುಮಕ್ಕಳೂ ಇಲ್ಲಿಯೇ ಇರುವ ನಾವು ಕೆಲವರೂ ಸೇರಿ ಅಲ್ಲಿ ಕೂಟ ನಡೆಸುತ್ತ ಬಂದಿದ್ದೇವೆ. ಮನೆಯವರಿಗೆ ಹೇಳದೆ ಬರುವವರೂ ಇರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಈ ಕೋಣೆಯ ದೊಡ್ಡ ಅನುಕೂಲವೆಂದರೆ ಹಿಂಬದಿಯ ಮೆಟ್ಟಿಲು. ಕೆಳಗೆ ಕಾಫಿ ಕುಡಿಯುತ್ತ ಕುಳಿತ ನೆಂಟರ ಕಣ್ಣಿಗೆ ಬೀಳದೆ ಒಳಗೆ ಹೋಗಬಹುದು, ಮತ್ತು ಕೆಲಸದ ಹುಡುಗಿ ಬೆಲ್ಲದ ಕಾಫಿ ತಂದಾಗಲೂ ಬಾಗಿಲು ತಟ್ಟಿ, ಕರೆದ ಮೇಲೆಯೇ ಬರುತ್ತಾಳೆ. ಗಂಡ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ ಸಂಗತಿಯನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳುವವಳಿಗೆ ಇಂಥ ಮರ್ಯಾದೆ ಎಷ್ಟು ದೊಡ್ಡದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದಿನ ನ್ಯೂಜೆರ್ಸಿಯಿಂದ ಬಂದಿದ್ದ ಅಕ್ಕ ಒಂದು ಫೈಲು ಬಿಚ್ಚಿ, ಮದುವೆಯ ನೋಂದಣಿ ಪತ್ರ, ಆಮಂತ್ರಣ ಪತ್ರಿಕೆ, ವೀಸಾ ಪುಟಗಳ ನಕಲುಗಳನ್ನು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟು, ಯಾವುದನ್ನು ತವರಿನಲ್ಲಿ ಬಿಟ್ಟುಹೋಗಬೇಕೆಂದು ತಿಳಿಸಿಕೊಟ್ಟರು.

ಹೊರದೇಶಗಳಲ್ಲಿ ಹೆಣ್ಣುಮಕ್ಕಳು ಕಟ್ಟಿದ ಸಂಘಟನೆಗಳ ಕೆಲಸವೂ ಇದೇ ಬಗೆಯದು. ಲಂಡನ್ನಿನಲ್ಲಿ 1979ರಲ್ಲಿ ಸೌಥಾಲ್ ಬ್ಲ್ಯಾಕ್ ಸಿಸ್ಟರ್ಸ್, ನ್ಯೂಜೆರ್ಸಿಯಲ್ಲಿ 1985ರಲ್ಲಿ ಮಾನವಿ, ನ್ಯೂಯಾರ್ಕಿನಲ್ಲಿ 1989ರಲ್ಲಿ ಸಖಿ ಹುಟ್ಟಿಕೊಂಡವು. ವರ್ಷಗಟ್ಟಲೆ ಹಿಂಸೆ ಕೊಟ್ಟ ಗಂಡನನ್ನು ಕೊಂದು ಜೀವಾವಧಿ ಶಿಕ್ಷೆಗೆ ಗುರಿಯಾಗಿದ್ದ ಕಿರಣ್‌ಜಿತ್ ಅಹ್ಲುವಾಲಿಯಾ 1992ರಲ್ಲಿ ಬಿಡುಗಡೆಯಾದದ್ದರ ಹಿಂದೆ ಸೌಥಾಲಿನ ಮಹಿಳೆಯರ ಹೋರಾಟವಿತ್ತು. ಅಮೆರಿಕದಲ್ಲಿ ಕೆಲಸದ ವೀಸಾ ಪಡೆದ ಗಂಡನ ಅವಲಂಬಿತರಾಗಿ ಎಚ್-4 ವೀಸಾದ ಮೇಲಿರುವ ಹೆಂಡತಿಯರಿಗೆ 2015ರವರೆಗೆ ದುಡಿಯುವ ಹಕ್ಕೇ ಇರಲಿಲ್ಲ. ಆಮೇಲೆ ಸಿಕ್ಕಿದ್ದೂ ಅವರಲ್ಲಿ ಕೆಲವರಿಗೆ ಮಾತ್ರ. ನಮ್ಮ ಕಡೆ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಇಂಥ ಮದುವೆಗಳ ದೂರುಗಳನ್ನು ನೋಡಿಕೊಳ್ಳುವ ಅನಿವಾಸಿ ಭಾರತೀಯರ ಘಟಕವೊಂದು 2009ರಿಂದ ಇದೆ. ಮಗಳನ್ನು ವಿದೇಶಕ್ಕೆ ಕೊಡುವ ತಂದೆತಾಯಿಯರಿಗೆ ಇವೆಲ್ಲ ಮದುವೆಗೆ ಮೊದಲೇ ಗೊತ್ತಿರಬೇಕು.

ಊಟತಿಂಡಿ ಸಾಧಾರಣ, ಅಕ್ಕಿ ಒಟ್ಟಿ (ಕೊಡಗಿನ ಅಕ್ಕಿ ರೊಟ್ಟಿ) ಬಿಸಿಯಾಗಿ ಬಂದರೆ ಚೆನ್ನಾಗಿರುತ್ತದೆ. ವೈಫೈ ಮಾತ್ರ ನಂಬುವಂತಿಲ್ಲ. ಊರಿಗೆ ಬರಲಾಗದವರು ವೀಡಿಯೊ ಕರೆಯಲ್ಲಿ ಸೇರಿಕೊಂಡಾಗ ಮಾತು ನಡುವೆಯೇ ಕಡಿದುಹೋಗುತ್ತದೆ, ಕರೆಂಟು ಹೋದರೆ ಬದಲಿ ವ್ಯವಸ್ಥೆಯೂ ಇಲ್ಲ.

ನನ್ನ ದೊಡ್ಡ ಆಕ್ಷೇಪ ಬೇರೆಯೇ ಇದೆ. ಕೋಣೆಯನ್ನು ಸಂಜೆ ಆರಕ್ಕೆ ಮುಚ್ಚುತ್ತಾರೆ, ಭಾನುವಾರ ತೆರೆಯುವುದೇ ಇಲ್ಲ. ಅಸ್ಸಾಮಿನಿಂದ ಕಾಫಿ ಕೊಯ್ಲಿಗೆ ಬಂದು ತೋಟದ ಲೈನ್‌ಮನೆಗಳಲ್ಲಿ, ಅಂದರೆ ಕೂಲಿಗಾರರ ಸಾಲುಮನೆಗಳಲ್ಲಿ ಇರುವ ಹೆಂಗಸರೂ ಊರು ಬಿಟ್ಟು ಬಂದವರೇ, ಅವರ ಗುರುತಿನ ಚೀಟಿಯೂ ಕೂಲಿಯೂ ಎಷ್ಟೋ ಸಲ ಇನ್ನೊಬ್ಬರ ಕೈಯಲ್ಲಿರುತ್ತವೆ, ಮತ್ತು ಅವರಿಗೆ ಬಿಡುವು ಸಿಗುವುದು ಭಾನುವಾರ ಮಾತ್ರ. ಅವರಿಲ್ಲದೆ ನಾವು ನಡೆಸುವ ಕೂಟ ಅರ್ಧದ್ದು. ಕೊಯ್ಲು ಮುಗಿಯುವವರೆಗಾದರೂ ಭಾನುವಾರ ಮಧ್ಯಾಹ್ನ ಬಾಗಿಲು ತೆರೆಯಬೇಕೆಂದು ಮಾಲೀಕರನ್ನು ಕೇಳಿಕೊಂಡಿದ್ದೇವೆ. ಅವರು ಒಪ್ಪಿದರೆ ಹೆಚ್ಚಿನ ಬಾಡಿಗೆ ಕೊಡಲೂ ನಾವು ಸಿದ್ಧರಿದ್ದೇವೆ.