ಜಿಡಿಎಚ್ ಅಳೆಯುವ ಬಣ್ಣದ ಕಿಟ್: ಎಂಜಿನ್ ತೋರಿಸುತ್ತದೆ, ಬ್ರೇಕ್ ತೋರಿಸುವುದಿಲ್ಲ

ಗ್ಲುಟಮೇಟ್ ಡಿಹೈಡ್ರೋಜಿನೇಸ್, ಅಂದರೆ ಜಿಡಿಎಚ್, ಅಳೆಯಲು ಸಿಗುವ 450 ನ್ಯಾನೊಮೀಟರಿನ ಬಣ್ಣದ ಕಿಟ್‌ಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಲಿವರ್ ಸ್ಯಾಂಪಲ್‌ನಲ್ಲಿ ಕಿಣ್ವ ಎಷ್ಟಿದೆ ಎಂದಷ್ಟೇ ಬೇಕಾದವರಿಗೆ 5ಕ್ಕೆ 4 ಅಂಕ. ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶದ ಇನ್ಸುಲಿನ್ ಬಿಡುಗಡೆಯ ಜೊತೆ ತಾಳೆ ನೋಡುವವರಿಗೆ, ಡಬ್ಬಿಯಲ್ಲಿ ಬಂದ ಹಾಗೇ ಬಳಸಿದರೆ, 2.

ಇಷ್ಟು ಅಂತರ ಯಾಕೆಂದರೆ, ಬೀಟಾ ಕೋಶದಲ್ಲಿ ಮುಖ್ಯವಾದದ್ದು ಜಿಡಿಎಚ್‌ನ ಪ್ರಮಾಣಕ್ಕಿಂತ ಅದರ ಮೇಲಿನ ಹಿಡಿತ. ಗ್ಲುಟಮೇಟ್‌ನಿಂದ ಅದು ಆಲ್ಫಾ-ಕೀಟೊಗ್ಲುಟರೇಟ್ ಮಾಡುತ್ತದೆ, ಅದು ಕ್ರೆಬ್ಸ್ ಚಕ್ರಕ್ಕೆ ಸೇರುತ್ತದೆ, ಕೋಶದ ಶಕ್ತಿಯ ಅಣುವಾದ ಎಟಿಪಿ ಏರುತ್ತದೆ, ಪೊಟ್ಯಾಸಿಯಂ ಚಾನೆಲ್ ಮುಚ್ಚುತ್ತದೆ, ಕ್ಯಾಲ್ಸಿಯಂ ಒಳನುಗ್ಗಿ ಇನ್ಸುಲಿನ್ ಹೊರಬೀಳುತ್ತದೆ. ಲ್ಯೂಸಿನ್ ಎಂಬ ಅಮೈನೊ ಆಮ್ಲ ಮತ್ತು ಎಡಿಪಿ (ಎಟಿಪಿ ಖರ್ಚಾದ ಮೇಲೆ ಉಳಿಯುವ ಅಣು) ಕಿಣ್ವವನ್ನು ಓಡಿಸುತ್ತವೆ, ಎಟಿಪಿಯಂಥದ್ದೇ ಇನ್ನೊಂದು ಸಣ್ಣ ಅಣು ಜಿಟಿಪಿ ತಡೆಯುತ್ತದೆ. ಜಿಡಿಎಚ್ ತಯಾರಿಸುವ ಗ್ಲುಡ್1 ಜೀನಿನ ಕೆಲವು ದೋಷಗಳಲ್ಲಿ ಈ ಜಿಟಿಪಿ ತಡೆಯೇ ಸಡಿಲ. ಅಂಥ ಮಕ್ಕಳಿಗೆ ಪ್ರೋಟೀನ್ ಊಟವಾದ ಮೇಲೆ ರಕ್ತದ ಸಕ್ಕರೆ ಕುಸಿಯುತ್ತದೆ, ಅಮೋನಿಯ ಮಾತ್ರ ಏರಿಯೇ ಇರುತ್ತದೆ. ಕಿಟ್‌ನ ಒಂಟಿ ಅಂಕಿಯಲ್ಲಿ ಇದರ ಸುಳಿವೇ ಸಿಗದಿರಬಹುದು.

ವಿಧಾನ ಸುಲಭ. ಗ್ಲುಟಮೇಟ್ ಮೇಲೆ ಕೆಲಸ ಮಾಡುವಾಗ ಜಿಡಿಎಚ್ ಎನ್‌ಎಡಿಎಚ್ ಎಂಬ ಅಣುವನ್ನೂ ಮಾಡುತ್ತದೆ, ಅದು ಡೆವಲಪರ್ ಎಂಬ ದ್ರವಕ್ಕೆ ಬಣ್ಣ ಬರಿಸುತ್ತದೆ. 96 ವೆಲ್ ಪ್ಲೇಟ್‌ನಲ್ಲಿ ಪ್ರತಿ ವೆಲ್‌ಗೆ ಸ್ಯಾಂಪಲ್ 50 ಮೈಕ್ರೊಲೀಟರ್, ಬಫರ್-ಡೆವಲಪರ್-ಗ್ಲುಟಮೇಟ್ ಮಿಶ್ರಣ 100. ಎನ್‌ಎಡಿಎಚ್ ಸ್ಟ್ಯಾಂಡರ್ಡ್ 0ಯಿಂದ 10 ನ್ಯಾನೊಮೋಲ್. 37 ಡಿಗ್ರಿಯಲ್ಲಿಟ್ಟು ಕೆಲವು ನಿಮಿಷಕ್ಕೊಮ್ಮೆ ಓದಿ, ಗೆರೆ ನೇರವಾಗಿರುವ ಭಾಗದ ಇಳಿಜಾರನ್ನಷ್ಟೇ ತೆಗೆದುಕೊಳ್ಳಬೇಕು. 340ರಲ್ಲಿ ಎನ್‌ಎಡಿಎಚ್ ಅನ್ನು ನೇರವಾಗಿ ಓದುವುದಕ್ಕಿಂತ ಈ ಬಣ್ಣ ಹಲವು ಪಟ್ಟು ಗಾಢ. ಸ್ಯಾಂಪಲ್ ಚೂರೇಚೂರು ಇರುವ ಐಲೆಟ್‌ಗಳಿಗೆ (ಬೀಟಾ ಕೋಶಗಳಿರುವ ಪುಟ್ಟ ಗುಂಪುಗಳಿಗೆ) ಇದು ನಿಜವಾದ ಅನುಕೂಲ.

ಕೈಕೊಡುವುದು ಸ್ಯಾಂಪಲ್ ತಯಾರಿಯಲ್ಲಿ. ಜಿಡಿಎಚ್ ಇರುವುದು ಮೈಟೊಕಾಂಡ್ರಿಯದ ಒಳಗಿನ ಮ್ಯಾಟ್ರಿಕ್ಸ್‌ನಲ್ಲಿ. ಒಳಪೊರೆ ಒಡೆಯದಿದ್ದರೆ ಕಿಣ್ವ ಸೆಂಟ್ರಿಫ್ಯೂಜ್‌ನ ಗಸಿಯ ಜೊತೆ ತಳಕ್ಕೆ ಹೋಗುತ್ತದೆ, ಅಂಕಿ ಸುಮ್ಮನೆ ಕಡಿಮೆ ಬರುತ್ತದೆ. ಬಫರ್‌ಗೆ ಪೊರೆ ಕರಗಿಸುವ ಸೋಪಿನಂಥ ಟ್ರೈಟಾನ್ ಎಕ್ಸ್-100 ಅನ್ನು 0.1 ಪ್ರತಿಶತ ಸೇರಿಸಿದರೆ ಸಾಕು. ಕೋಶ ಒಡೆಯುವ ಈ ಲೈಸಿಸ್ ಬಫರ್‌ನಲ್ಲಿ ಡಿಟಿಟಿ ಎಂಬ ಅಪಕರ್ಷಕ ರಾಸಾಯನಿಕ ಬೇಡವೇ ಬೇಡ: ಅದು ಡೆವಲಪರನ್ನು ತಾನೇ ಅಪಕರ್ಷಿಸಿ, ಗ್ಲುಟಮೇಟ್ ಹಾಕದ ವೆಲ್ ಕೂಡ ಹಳದಿಗೆ ತಿರುಗುತ್ತದೆ. ಗ್ಲುಟಮೇಟ್ ಇಲ್ಲದ ಬ್ಲಾಂಕ್ ಪ್ರತಿ ಸ್ಯಾಂಪಲ್‌ಗೂ ಬೇರೆ ಬೇರೆ ಇಡಬೇಕು. ಇಡೀ ಪ್ಲೇಟ್‌ಗೆ ಒಂದೇ ಬ್ಲಾಂಕ್ ಎನ್ನುವುದು ಉಳಿತಾಯವಲ್ಲ, ಸೋಮಾರಿತನ.

ಇನ್ನು ಬ್ರೇಕ್ ವಿಚಾರ. ಜಿಟಿಪಿ ಕೆಲವೇ ಮೈಕ್ರೊಮೋಲಾರ್ ಇದ್ದರೂ ಜಿಡಿಎಚ್ ಕುಗ್ಗುತ್ತದೆ; ಆದ್ದರಿಂದ ಲೈಸೇಟ್ ಅನ್ನು, ಅಂದರೆ ಒಡೆದ ಕೋಶಗಳ ರಸವನ್ನು, ಎಷ್ಟು ತೆಳು ಮಾಡಿದಿರಿ ಎಂಬುದರ ಮೇಲೆ ಫಲಿತಾಂಶ ಅಲುಗಾಡುತ್ತದೆ. 30 ಕಿಲೊಡಾಲ್ಟನ್ ಸ್ಪಿನ್ ಫಿಲ್ಟರ್‌ನಲ್ಲಿ ಎರಡು ಸಲ ತೊಳೆಯಿರಿ. ಸಣ್ಣ ಅಣುಗಳು ಹೋಗುತ್ತವೆ. 300 ಕಿಲೊಡಾಲ್ಟನ್‌ಗೂ ಹೆಚ್ಚು ತೂಗುವ ಆರು ತುಂಡಿನ ಜಿಡಿಎಚ್ ಮೇಲೇ ಉಳಿಯುತ್ತದೆ. ಎನ್‌ಎಡಿಎಚ್ ತಿಂದುಹಾಕುವ ಪೈರುವೇಟ್ ಕೂಡ ಅದೇ ಏಟಿಗೆ ಹೊರಗೆ. ಆಮೇಲೆ ಒಂದೇ ಸ್ಯಾಂಪಲ್ ಅನ್ನು ನಾಲ್ಕು ವೆಲ್‌ಗೆ ಹಂಚಿ: ಏನೂ ಹಾಕದ್ದು, ಎಡಿಪಿ 1 ಮಿಲಿಮೋಲಾರ್, ಲ್ಯೂಸಿನ್ 10 ಮಿಲಿಮೋಲಾರ್, ಜಿಟಿಪಿ 100 ಮೈಕ್ರೊಮೋಲಾರ್. ಇವು ಯಾವುವೂ ಡಬ್ಬಿಯಲ್ಲಿ ಬರುವುದಿಲ್ಲ, ದೊಡ್ಡ ಕೊರತೆ ಅದೇ. ಕೈಪಿಡಿಯಲ್ಲಾದರೂ ಒಂದು ಸಾಲು ಬರೆಯಬಹುದಿತ್ತು.

ತೊಳೆದರೂ ಹೋಗದ ಬ್ರೇಕ್ ಒಂದಿದೆ. ಸರ್ಟ್4 ಎಂಬ ಇನ್ನೊಂದು ಮೈಟೊಕಾಂಡ್ರಿಯ ಕಿಣ್ವ ಜಿಡಿಎಚ್‌ಗೆ ಎಡಿಪಿ-ರೈಬೋಸ್ ಅಂಟಿಸಿ ಅದನ್ನು ಮಂಕು ಮಾಡುತ್ತದೆ. 2006ರಲ್ಲಿ ಪ್ರಕಟವಾದ ಕೆಲಸದಲ್ಲಿ, ಸರ್ಟ್4 ಇಲ್ಲದ ಇಲಿಗಳ ಬೀಟಾ ಕೋಶಗಳು ಅಮೈನೊ ಆಮ್ಲಕ್ಕೆ ಹೆಚ್ಚು ಇನ್ಸುಲಿನ್ ಸುರಿಸಿದವು. ಈ ಅಂಟು ರಾಸಾಯನಿಕ ಬಂಧ, ಫಿಲ್ಟರ್‌ಗೆ ಬಗ್ಗುವುದಿಲ್ಲ. ಹಾಗಾಗಿ ತೊಳೆದ ಸ್ಯಾಂಪಲ್‌ನ ಅರ್ಧ ಭಾಗಕ್ಕೆ ಈ ಅಂಟನ್ನು ಕತ್ತರಿಸುವ ಹಾವಿನ ವಿಷದ ಕಿಣ್ವ ಫಾಸ್ಫೊಡೈಎಸ್ಟರೇಸ್ ಹಾಕಿ, ಉಳಿದರ್ಧಕ್ಕೆ ಬರೀ ಬಫರ್ ಹಾಕಿ, ಎರಡನ್ನೂ ಅದೇ ಪ್ಲೇಟ್‌ನಲ್ಲಿ ಓದಿ. ಫಾಸ್ಫೊಡೈಎಸ್ಟರೇಸ್ ಹಾಕಿದ ಕಡೆ ಇಳಿಜಾರು ಏರಿದರೆ, ಸರ್ಟ್4 ಕಡೆಗೆ ನೋಡಲು ಕಾರಣವಿದೆ.